ಕೆಸರು ತುಳಿಯೋಕಾಗದಿದ್ರೆ ಮಳೇಲಿ ಕಾಡಿಗೆ ಯಾಕ್ರೀ ಬರ್ತೀರಾ?

ಮಳೇಲಿ ಕಾಡು ಸುತ್ತೋದಂದ್ರೆ ನನಗೆ ಪ್ರಾಣ. ಆದ್ರೆ ಈಚೆಗೆ ಹೋಗಿ ಬಂದಾಗೆಲ್ಲ ಹೊಟ್ಟೆ ಉರಿಯುತ್ತೆ. ಮಳೆ ಮೇಲಲ್ಲ, ಜಾರೋ ದಾರಿ ಮೇಲೂ ಅಲ್ಲ, ಆ ದಾರೀಲಿ ನಡೆಯೋ ಜನರ ಮೇಲೆ.

ಕಾಲುದಾರಿ ನಡುವೆ ಒಂದು ಕೆಸರುಗುಂಡಿ ಇರುತ್ತೆ. ಪಾದ ಮುಳುಗೋಷ್ಟು, ಅಷ್ಟೇ. ಮುಂದಿನವರು ನಿಲ್ತಾರೆ, ತಮ್ಮ ಶೂ ನೋಡ್ಕೋತಾರೆ, ಪಕ್ಕದ ಗಿಡದ ರೆಂಬೆ ಜಗ್ಗಿ ಹಿಡಿದು ಅಂಚಿನ ಪಾಚಿ ಮೇಲೆ ಕಾಲಿಡ್ತಾರೆ. ಹಿಂದಿನವರೂ ಅಲ್ಲೇ. ಗುಂಪು ದಾಟೋಷ್ಟರಲ್ಲಿ ಪಾಚಿ ಕಿತ್ತು ಬಂದು ಅಲ್ಲೂ ರಾಡಿ. ಆಮೇಲೆ ಬಂದವರು ಅದಕ್ಕೂ ಒಂದು ಹೆಜ್ಜೆ ಆಚೆ. ಒಬ್ಬರು ನಡೆಯೋಷ್ಟಿದ್ದ ದಾರಿ ಮಳೆಗಾಲ ಮುಗಿಯೋದ್ರೊಳಗೆ ಲಾರಿ ನುಗ್ಗೋಷ್ಟು ಅಗಲ ಆಗಿರುತ್ತೆ!

ನೆನೆದ ಮಣ್ಣು ಒಣಮಣ್ಣಿನ ಹಾಗಲ್ಲ ಕಣ್ರೀ. ತುಳಿದ್ರೆ ಅದರೊಳಗಿನ ಸಂದುಗಳೆಲ್ಲ ಮುಚ್ಚಿಹೋಗುತ್ತೆ. ಬೇರಿಗೆ ಗಾಳಿ ಸಿಗಲ್ಲ, ನೀರು ಇಂಗಲ್ಲ. ಇಂಗದ ನೀರು ಮೇಲೇ ಹರಿಯುತ್ತೆ, ಹರೀತಾ ಮಣ್ಣನ್ನೂ ಹೊತ್ಕೊಂಡು ಹೋಗುತ್ತೆ. ಒಂದಿಂಚು ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು. ನಿಮ್ಮ ಶೂ ಒಣಗೋಕೆ ಒಂದೆರಡು ದಿನ ಸಾಕು.

ಇನ್ನು ಒಳದಾರಿ ಹುಡುಕೋರು. ಕಡಿದಾದ ಏರಲ್ಲಿ ದಾರೀನ ಅಡ್ಡಡ್ಡ ತಿರುಗಿಸಿ ಮಾಡಿರೋದು ನಡೆಯೋರಿಗೂ ಹಗುರಾಗಲಿ, ನೀರೂ ವೇಗ ಹಿಡೀದಿರಲಿ ಅಂತ. ಇವರು ಎರಡು ನಿಮಿಷ ಉಳಿಸೋಕೆ ತಿರುವಿಂದ ತಿರುವಿಗೆ ನೇರ ಇಳೀತಾರೆ. ಇವರು ಇಳಿದ ಜಾಡಲ್ಲೇ ನೀರೂ ಇಳಿಯುತ್ತೆ, ನೋಡ್ತಾ ನೋಡ್ತಾ ಅದು ಕೊರಕಲಾಗುತ್ತೆ. ಅಂಥ ಒಂದು ಕಡೆ ಮರದ ಬೇರು ಪೂರ್ತಿ ಹೊರಗೆ ಬಂದಿತ್ತು. ಶೂ ಉಜ್ಜಿ ಉಜ್ಜಿ ಸಿಪ್ಪೆ ಎದ್ದು ಒಳಗಿನ ಬಿಳಿ ಕಾಣ್ತಿತ್ತು. ಪಕ್ಕದಲ್ಲೇ ಯಾರೋ ಬಿಸಾಕಿದ ತೆಳು ಪ್ಲಾಸ್ಟಿಕ್ ರೇನ್‌ಕೋಟು, ತೋಳು ಹರಿದಿದ್ದು, ಮಡಿಕೆಯಲ್ಲೆಲ್ಲ ಕೆಸರುನೀರು. ಹರಿದದ್ದನ್ನ ಬ್ಯಾಗಿಗೆ ಹಾಕ್ಕೊಂಡು ಹೋಗೋಕೆ ಏನು ಭಾರ?

ನೀರನ್ನ ಪಕ್ಕಕ್ಕೆ ತಿರುಗಿಸೋಕೆ ದಾರಿಗೆ ಓರೆಯಾಗಿ ಕಲ್ಲು, ದಿಮ್ಮಿ ಹೂತಿರ್ತಾರಲ್ಲ, ಅದನ್ನೇ ಕಿತ್ತು ಕೆಸರಿಗೆ ಹಾಕಿ ದಾಟೋರನ್ನೂ ಕಂಡಿದ್ದೀನಿ. ಆ ಕಲ್ಲು ಹೋದ್ರೆ ಅಲ್ಲಿಂದ ಕೆಳಗೆ ದಾರಿಯೆಲ್ಲ ತೋಡೇ.

ನಡುವೆಯೇ ನಡೀರಿ ಅಂತ ಹೇಳಿದ್ರೆ ಬರೋ ಉತ್ತರ, "ಶೂ ಹಾಳಾದ್ರೆ ನೀವು ಕೊಡಿಸ್ತೀರಾ?" ಇನ್ನು ಕೆಲವರಿಗೆ ಜಾರೋ ಭಯ. ಜಾರೋದು ನಿಜವಾಗಿ ಅಂಚಲ್ಲೇ ರೀ, ಒದ್ದೆ ಬೇರು, ಪಾಚಿ ಕಟ್ಟಿದ ಕಲ್ಲು ಇರೋ ಕಡೆ. ನಡುವಿನ ಕೆಸರಲ್ಲಿ ಕೋಲು ಊರಿ, ಹೆಜ್ಜೆ ಚಿಕ್ಕದಾಗಿ ಇಟ್ಕೊಂಡು ಹೋದ್ರೆ ಏನೂ ಆಗಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಗುಂಪು ಕರ್ಕೊಂಡು ಬರೋರ ಮೇಲೆ. ಹೊಸಬರಿಗೆ ಗೊತ್ತಿರಲ್ಲ, ಒಪ್ಪೋಣ. ನಿಮಗೆ ಗೊತ್ತಿಲ್ವಾ? ಮೊದಲು ಅಂಚಿಗೆ ಹಾರೋರೇ ನೀವು, ನಿಮ್ಮ ಹಿಂದೆ ಸಾಲು ಸಾಲು ಜನ. ಹೊರಡೋ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಶೂ ಒದ್ದೆಯಾಗುತ್ತೆ, ಆದ್ರೂ ದಾರಿ ಬಿಟ್ಟು ಇಳಿಯೋ ಹಾಗಿಲ್ಲ ಅಂತ ಹೇಳೋಕೆ ಎಷ್ಟು ಹೊತ್ತು ಬೇಕು? ದಾಟೋಕೇ ಆಗದಷ್ಟು ನೀರಿದ್ರೆ ಗುಂಪನ್ನ ವಾಪಸ್ ಕರ್ಕೊಂಡು ಹೋಗಿ, ಮಳೆ ಇಳಿದ ಮೇಲೆ ಬನ್ನಿ.