ಕಾಲು ಆಪರೇಶನ್‌ಗೆ ಬಂದ್ರೆ ಮೈಸೂರು ಪ್ಯಾಲೇಸ್ ಫ್ರೀಯಂತೆ

ಇವತ್ತು ತಲೆ ಕೆಟ್ಟೋಗಿದೆ, ಬರ್ದೇ ಬಿಡ್ತೀನಿ. ನನ್ನ ಕೆಲಸ ನಿಮಗೆಲ್ಲ ಗೊತ್ತಲ್ಲ, ಬೆಂಗಳೂರಲ್ಲಿ ಆಸ್ಪತ್ರೆ ಸುತ್ತಮುತ್ತ ಗೆಸ್ಟ್ ಹೌಸ್‌ಗಳಲ್ಲಿ ಇರೋ ಫಾರಿನ್ ಪೇಶೆಂಟ್‌ಗಳ ರೂಮಿಗೇ ಹೋಗಿ ಡ್ರೆಸ್ಸಿಂಗ್ ಮಾಡೋದು. ಬೆಳಗ್ಗೆ ಆಫ್ರಿಕಾದ ತಾಂಜಾನಿಯಾದ ದಾರ್ ಎಸ್ ಸಲಾಮ್ ಕಡೆಯಿಂದ ಬಂದಿರೋ ಯಜಮಾನರೊಬ್ಬರ ಕಾಲಿಗೆ ಬ್ಯಾಂಡೇಜ್ ಸುತ್ತುತಾ ಇದ್ದೆ, ಅವರ ಮಗ ಒಂದು ಪಾಂಪ್ಲೆಟ್ ತಂದು 'ಬ್ರದರ್, ಇಲ್ಲಿಗೆ ಯಾವತ್ತು ಕರ್ಕೊಂಡ್ ಹೋಗ್ಬಹುದು' ಅಂದ. ಏಜೆಂಟ್ ಕೊಟ್ಟಿರೋ ಪ್ಯಾಕೇಜು. ಡಯಾಬಿಟಿಕ್ ಫುಟ್ ಸರ್ಜರಿ (ಶುಗರ್‌ನಿಂದ ಕೆಟ್ಟ ಪಾದದ ಆಪರೇಶನ್ನು), ಹತ್ತು ದಿನ, ಏರ್‌ಪೋರ್ಟ್ ಪಿಕಪ್, ಇಂಟರ್‌ಪ್ರಿಟರ್, ಕೊನೇ ದಿನ ಮೈಸೂರು ಪ್ಯಾಲೇಸ್ ಟೂರ್.

ಪ್ಯಾಲೇಸ್! ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗ್ಬೇಕು ಸ್ವಾಮಿ. ಹೆಬ್ಬೆರಳು ತೆಗೆಸ್ಕೊಂಡಿರೋ, ಅಂಗಾಲಲ್ಲಿ ಮೊಳೆ ಚುಚ್ಚಿದ್ರೂ ಗೊತ್ತಾಗದೇ ಇರೋ ಮನುಷ್ಯನ್ನ ಬರಿಗಾಲಲ್ಲಿ ದರ್ಬಾರ್ ಹಾಲ್ ಸುತ್ತಿಸ್ತಾರಂತೆ. ಯಾವ ಪುಣ್ಯಾತ್ಮ ಕೂತ್ಕೊಂಡು ಬರ್ದನೋ ಇದನ್ನ.

ಪ್ಯಾಲೇಸ್ ಹೋಗ್ಲಿ ಬಿಡಿ, ನನಗೆ ಉರಿಯೋದು ಆ ಹತ್ತು ದಿನ. ಮದುವೆ ಛತ್ರ ಬುಕ್ ಮಾಡ್ದಂಗೆ, ಇಂಥ ದಿನ ಒಳಗೆ ಇಂಥ ದಿನ ಹೊರಗೆ. ಥಿಯೇಟರ್ ಒಳಗಿನ ಕೆಲಸ ಎಷ್ಟೋ ಸಲ ಒಂದೆರಡು ಗಂಟೆಯದ್ದು, ಅದಲ್ಲ ಕಷ್ಟ. ಅದಕ್ಕೆ ಮುಂಚೆ ಡಾಪ್ಲರ್ ಅನ್ನೋ ಸ್ಕ್ಯಾನ್ ಮಾಡಿ ಪಾದಕ್ಕೆ ರಕ್ತ ಇಳೀತಿದ್ಯಾ ನೋಡ್ಬೇಕು, ಇಳೀತಿಲ್ಲ ಅಂದ್ರೆ ಮೊದಲು ಕಾಲಿನ ರಕ್ತನಾಳಕ್ಕೆ ಆಂಜಿಯೋಪ್ಲಾಸ್ಟಿನೋ ಬೈಪಾಸ್ಸೋ ಆಗ್ಬೇಕು, ರಕ್ತ ಇಲ್ಲದ ಕಡೆ ಕೊಯ್ದ್ರೆ ಗಾಯ ಮಾಯಲ್ಲ, ಮತ್ತೆ ಇನ್ನೂ ಮೇಲಕ್ಕೆ ಕೊಯ್ಬೇಕಾಗುತ್ತೆ. ಆಂಜಿಯೋಗೆ ಡೈ ಹಾಕ್ಬೇಕು, ಶುಗರ್‌ನವರ ಕಿಡ್ನಿ ಎಷ್ಟೋ ಸಲ ಮೊದಲೇ ವೀಕ್ ಇರುತ್ತೆ, ಅದನ್ನ ನೋಡ್ಕೋಬೇಕು. ಕೀವು ಮೂಳೆಗೆ ಹೋಗಿದ್ಯಾ ಅಂತ ಎಂಆರ್‌ಐ. ಊರಲ್ಲಿ ಯಾವ್ಯಾವ್ದೋ ಆಂಟಿಬಯೋಟಿಕ್ ನುಂಗಿ ಬಂದಿರ್ತಾರೆ, ಆ ಚೀಟಿನೂ ಇರಲ್ಲ, ಕೀವಿನ ಕಲ್ಚರ್ ರಿಪೋರ್ಟ್ ಬಂದ್ಮೇಲೇ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಗೊತ್ತಾಗೋದು. ಹತ್ತು ದಿನದಲ್ಲಿ ಅರ್ಧ ಇಲ್ಲೇ ಮುಗೀತು ನೋಡಿ.

ಆಪರೇಶನ್ ಆದ್ಮೇಲಾದ್ರೂ ಹೊಲಿಗೆ ಹಾಕಿ ಕಳಿಸ್ತಾರಾ? ಕೀವು ತುಂಬಿದ್ದ ಕಾಲಾದ್ರೆ ಎಷ್ಟೋ ಸಲ ಗಾಯ ತೆರೆದೇ ಬಿಟ್ಟಿರ್ತಾರೆ. ಗಾಯದ ನೀರು ಹೀರೋ ವ್ಯಾಕ್ ಮೆಶಿನ್ ಹಾಕೋದು, ಸತ್ತ ಮಾಂಸ ಮತ್ತೆ ಕೆರೆಯೋದು, ಕೆಂಪಗೆ ತುಂಬ್ಕೊಂಡ್ಮೇಲೆ ಬೇಕಾದ್ರೆ ಸ್ಕಿನ್ ಗ್ರಾಫ್ಟ್. ಕೀವು ಹತ್ತಿರೋ ಮೂಳೆ ಪೂರ್ತಿ ತೆಗೆಯೋಕೆ ಆಗಿಲ್ಲ ಅಂದ್ರೆ ಆಂಟಿಬಯೋಟಿಕ್ಕೇ ಆರು ವಾರ ಹೋಗುತ್ತೆ. ಇಷ್ಟೂ ದಿನ ಆ ಪಾದದ ಮೇಲೆ ಭಾರ ಬಿಡಂಗಿಲ್ಲ, ಬಾತ್‌ರೂಮಿಗೆ ಎರಡೇ ಹೆಜ್ಜೆ ಅಂದ್ರೂ ಬಿಡಂಗಿಲ್ಲ. ನೋವಿದ್ದಿದ್ರೆ ಅವ್ರೇ ಊರ್ತಾ ಇರ್ಲಿಲ್ಲ, ನೋವೇ ಇಲ್ವಲ್ಲ, ಅದೇ ಕಾಯಿಲೆ. ಬಾಗೋ ನೈಲಾನ್ ಎಳೆ ಒಂದಿದೆ, ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗೋದು, ಅದನ್ನ ಅಂಗಾಲಿಗೆ ಒತ್ತಿ 'ಗೊತ್ತಾಯ್ತಾ' ಅಂತ ಕೇಳ್ತೀವಿ. ಈ ಯಜಮಾನರು ಕಣ್ಣು ಮುಚ್ಕೊಂಡು 'ಶುರು ಮಾಡು ಮಗಾ' ಅಂದ್ರು, ನಾನು ಅಷ್ಟರಲ್ಲಿ ಮುಗಿಸೇ ಬಿಟ್ಟಿದ್ದೆ.

ನೋವಿಲ್ಲದ ಪಾದಕ್ಕೆ ಭಾರ ಬಿಡಬಾರ್ದು ಅನ್ನೋದನ್ನ ಜಗತ್ತಿಗೆ ಕಲಿಸಿದ್ದು ನಮ್ಮ ಪಕ್ಕದ ವೆಲ್ಲೂರು ಅಂದ್ರೆ ನಂಬ್ತೀರಾ? ಪಾಲ್ ಬ್ರಾಂಡ್ ಅಂತ ಡಾಕ್ಟ್ರು, ಹುಟ್ಟಿದ್ದೇ ತಮಿಳುನಾಡಿನ ಕೊಲ್ಲಿಮಲೈನಲ್ಲಿ 1914ರಲ್ಲಿ, ವೆಲ್ಲೂರಲ್ಲಿ ಕುಷ್ಠರೋಗಿಗಳ ಪಾದ ನೋಡ್ಕೊಂಡೇ ವರ್ಷಗಟ್ಲೆ ಇದ್ರು. ಬೆರಳು ತಾನಾಗೇ ಕೊಳೆತು ಉದುರಲ್ಲ, ನೋವು ಗೊತ್ತಾಗದೆ ಅದೇ ಜಾಗ ಊರಿ ಊರಿ ಗಾಯ ಆಗೋದು ಅಂತ ಹೇಳಿದೋರು. 1966ರಲ್ಲಿ ಅಮೆರಿಕದ ಕಾರ್‌ವಿಲ್ ಕುಷ್ಠರೋಗದ ಆಸ್ಪತ್ರೆಗೆ ಹೋದ್ರು, ಇಲ್ಲಿ ಕುಷ್ಠದವರ ಪಾದಕ್ಕೆ ಹಾಕ್ತಿದ್ದ ಪ್ಲಾಸ್ಟರ್ ಪಟ್ಟು ಅಲ್ಲಿ ಶುಗರ್‌ನವರ ಕಾಲಿಗೂ ಬಂತು. ಈಗ ಡಯಾಬಿಟಿಕ್ ಚಪ್ಪಲಿ ಅಂತ ಮಾರೋ ಎಂಸಿಆರ್ ಅನ್ನೋ ಮೆತ್ತನೆ ರಬ್ಬರ್ ಚಪ್ಪಲಿನೂ ಮೊದಲು ಕುಷ್ಠದವರಿಗೇ ಮಾಡ್ತಾ ಇದ್ದದ್ದು. ಅಂದ್ರೆ ಪಾದಕ್ಕೆ ಭಾರ ಬಿಡಬೇಡಿ ಅನ್ನೋದು ಈ ದೇಶದಲ್ಲಿ ಎಪ್ಪತ್ತು ವರ್ಷದ ಹಳೇ ಬುದ್ಧಿ, ಮತ್ತೆ ಈ ಏಜೆಂಟ್ ಮಹಾಶಯ ಅವ್ರನ್ನ ಟೆಂಪೋ ಟ್ರಾವೆಲರ್ ಹತ್ತಿಸಿ ಮೈಸೂರಿಗೆ ಕಳಿಸ್ತಾನೆ.

ಗೊತ್ತು, ಈಗ ಕಾಮೆಂಟಲ್ಲಿ ಯಾರಾದ್ರೂ ಬರ್ತಾರೆ. 'ಅಲ್ಲಪ್ಪಾ, ಅವರ ಊರಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸ್ಬೇಕು ಅಂದಿರ್ತಾರೆ, ಇಲ್ಲಿ ಬಂದು ಒಂದು ಬೆರಳಲ್ಲಿ ಮುಗೀತು, ಏಜೆಂಟ್ ಇಲ್ದಿದ್ರೆ ಬರ್ತಿದ್ರಾ' ಅಂತ. ನಿಜ, ಇಲ್ಲ ಅನ್ನಲ್ಲ. ನಮ್ಮಲ್ಲೇ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ ಅಂತ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ಸ್ಟಡಿ 2023ರಲ್ಲೇ ಹೇಳಿದೆ, ಇಲ್ಲಿನ ಸರ್ಜನ್‌ಗಳ ಕೈ ಪಳಗಿರೋದು ಸುಮ್ನೆ ಅಲ್ಲ. ಬರ್ಲಿ ರೀ, ನಾನೇನು ಬೇಡ ಅಂದ್ನಾ? ಕಾಲು ಉಳಿಸೋಕೆ ಬರೋರಿಗೆ ಕಾಲು ಉಳಿಯೋಕೆ ಎಷ್ಟು ದಿನ ಬೇಕು ಅಂತ ಹೇಳಿ ಕರ್ಕೊಂಡು ಬನ್ನಿ ಅಂದೆ ಅಷ್ಟೆ.

ಸತ್ಯ ಹೇಳ್ತೀನಿ, ನಂಗೆ ಕೆಲಸ ಬರೋದೂ ಇಂಥ ಏಜೆಂಟ್‌ಗಳಿಂದ್ಲೇ. ಈ ಪೋಸ್ಟ್ ನೋಡಿದ್ರೆ ಎರಡು ಮೂರು ಗೆಸ್ಟ್ ಹೌಸ್ ಬಾಗಿಲು ಮುಚ್ಚುತ್ತೆ. ಮುಚ್ಲಿ. ಇಲ್ಲ, ಮುಚ್ಬಾರ್ದು, ಮಗಳ ಸ್ಕೂಲ್ ಫೀಸ್ ಬಾಕಿ ಇದೆ.

ಸರ್ಕಾರ ಕೊಡೋ ಇ-ಮೆಡಿಕಲ್ ವೀಸಾನೇ 60 ದಿನದ್ದು ಕಣ್ರೀ, ಜೊತೆಗೆ ಇಬ್ಬರು ಅಟೆಂಡೆಂಟ್‌ಗೂ ವೀಸಾ ಕೊಡ್ತಾರೆ. ಅಂದ್ರೆ ಸರ್ಕಾರಿ ಆಫೀಸಲ್ಲಿ ಕೂತಿರೋರಿಗೇ ಇಷ್ಟು ತಿಳಿದಿದೆ, ಬೇಕಾದ್ರೆ ವಿದೇಶಿಯರ ನೋಂದಣಿ ಆಫೀಸು ಎಫ್‌ಆರ್‌ಆರ್‌ಓಗೆ ಎಕ್ಸ್‌ಟೆನ್ಶನ್ ಹಾಕೋ ದಾರಿನೂ ಇದೆ. ಆದ್ರೆ ಈ ಯಜಮಾನರ ಜೊತೆ ಬಂದಿರೋದು ಮಗ ಒಬ್ನೇ. ಅವ್ನೇ ಅಡುಗೆ, ಅವ್ನೇ ಇನ್ಸುಲಿನ್ ಚುಚ್ಚೋದು, ಅವ್ನೇ ವೀಲ್‌ಚೇರ್ ತಳ್ಳೋದು, ಅಂಗಡಿ ಬಿಟ್ಟು ಬಂದಿದಾನೆ ಪಾಪ, ಇನ್ನೊಬ್ರಿಗೆ ವೀಸಾ ಸಿಗುತ್ತೆ ಅಂತ ಅವ್ನಿಗೆ ಯಾರೂ ಹೇಳೇ ಇಲ್ಲ. ಹತ್ತು ದಿನಕ್ಕೆ ಇನ್ನೊಬ್ರು ಯಾಕೆ ಅಂತಿರ್ಬೇಕು.

ವಾಪಸ್ ಹೋಗೋದೂ ಸುಲಭ ಅಲ್ಲ. ಗಂಟೆಗಟ್ಲೆ ಕಾಲು ಕೆಳಗೆ ಬಿಟ್ಕೊಂಡು ಕೂತ್ರೆ ಪಾದ ಊದ್ಕೊಳುತ್ತೆ, ರಕ್ತ ಹೆಪ್ಪುಗಟ್ಟೋ ಭಯ ಬೇರೆ, ನಡುವೆ ಎಲ್ಲೋ ವಿಮಾನ ಬದಲಾಯಿಸ್ಬೇಕು, ಅಲ್ಲಿ ವೀಲ್‌ಚೇರ್ ಬರೋದು ಲೇಟಾದ್ರೆ ಇವ್ರು ಎದ್ದು ನಡದೇ ಬಿಡ್ತಾರೆ. ಇನ್ಸುಲಿನ್‌ನ ಚೆಕ್-ಇನ್ ಲಗೇಜಲ್ಲಿ ಹಾಕೋರೂ ಇದಾರೆ, ಕೈಚೀಲದಲ್ಲೇ ಇರ್ಬೇಕದು. ಊರಿಗೆ ಹೋದ್ಮೇಲೆ ಡ್ರೆಸ್ಸಿಂಗ್ ಯಾರು ಮಾಡ್ತಾರೆ? ಹೆಬ್ಬೆರಳು ಹೋದ ಪಾದದಲ್ಲಿ ಭಾರ ಪಕ್ಕದ ಬೆರಳುಗಳ ಬುಡಕ್ಕೆ ಬೀಳುತ್ತೆ, ಅಚ್ಚು ತೆಗ್ದು ಮಾಡಿಸಿದ ಇನ್‌ಸೋಲ್ ಬೇಕು, ಅದು ಸವೆದ್ರೆ ಅಲ್ಲಿ ಯಾರು ಮಾಡ್ಕೊಡ್ತಾರೆ? ಮಾಯ್ದ ಗಾಯ ಒಂದು ವರ್ಷದೊಳಗೆ ಮತ್ತೆ ಬರೋದು ಸುಮಾರು ನೂರಕ್ಕೆ 40 ಜನಕ್ಕೆ, ಐದು ವರ್ಷ ಅಂದ್ರೆ 65. ಪಾಂಪ್ಲೆಟ್ ಹಿಂದೆ ಮುಂದೆ ತಿರುಗಿಸಿ ನೋಡ್ದೆ, ಚಪ್ಪಲಿ ಅನ್ನೋ ಪದನೇ ಇಲ್ಲ.

ಮಗನ್ನ ಕೂರಿಸ್ಕೊಂಡು ಇಷ್ಟನ್ನೂ ನನ್ನ ಹರುಕು ಮುರುಕು ಇಂಗ್ಲಿಷಲ್ಲಿ ಹೇಳ್ದೆ. ಅವ್ನು ಏಜೆಂಟ್‌ಗೆ ಫೋನ್ ಮಾಡಿರ್ಬೇಕು, ಮಧ್ಯಾಹ್ನ ಏಜೆಂಟ್ ನಂಗೇ ಮಾಡ್ದ. 'ನೀವು ಡ್ರೆಸ್ಸಿಂಗ್ ಎಷ್ಟೋ ಅಷ್ಟು ಮಾಡಿ ಸಾರ್, ಪೇಶೆಂಟ್‌ನ ಯಾಕೆ ಹೆದರಿಸ್ತೀರಾ, ಶುಕ್ರವಾರ ಫ್ಲೈಟ್ ಇದೆ ಅವ್ರಿಗೆ' ಅಂದ. ಟಿಕೆಟ್ ಡೇಟ್ ಚೇಂಜ್ ಮಾಡ್ಸು, ಅದ್ರ ದುಡ್ಡು ನಿನ್ನ ಕಮಿಷನ್ನಲ್ಲಿ ಹಿಡ್ಕೊಳ್ಳಿ ಅಂತ ಪೇಶೆಂಟ್ ಕಡೆಯವ್ರಿಗೆ ನಾನೇ ಹೇಳ್ತೀನಿ ಅಂದೆ. ಇನ್ನೂ ವಾಪಸ್ ಫೋನ್ ಮಾಡಿಲ್ಲ.