ಗುಜರಿಗೆ ಹೋದ ಕುರ್ಚಿ

ಚಂಡೀಗಢ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು, ಆ ಊರಿನ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ. ತಪ್ಪೇನಿಲ್ಲ. ಆದರೆ ಅವರು ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದವರು. ಬಿಸಿಲಲ್ಲಿ ನಿಂತು ಊರು ಕಟ್ಟಿಸಿದ್ದು ಅವರ ದಾಯಾದಿ ಪಿಯೆರ್ ಜಾನರೆ. ನನಗೆ ಇವರ ಮೇಲೇ ಪ್ರೀತಿ ಜಾಸ್ತಿ.

1896ರಲ್ಲಿ ಜಿನೀವಾದಲ್ಲಿ ಹುಟ್ಟಿದವರು. 1922ರಿಂದ ಪ್ಯಾರಿಸ್‌ನಲ್ಲಿ ಇಬ್ಬರೂ ಜೊತೆಗೆ ಕೆಲಸ ಮಾಡಿದರು. ಕೆಲಸ ಇಬ್ಬರದು, ಹೆಸರು ಮಾತ್ರ ಒಬ್ಬರಿಗೇ ಹೆಚ್ಚು ಬಂತು. ಎರಡನೇ ಮಹಾಯುದ್ಧ ಬಂದಾಗ ದಾರಿ ಬೇರೆಯಾಯಿತು. ಕಾರ್ಬುಸಿಯೆ ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಬಾಗಿಲು ತಟ್ಟಿದರೆ, ಇವರು ನಾಜಿಗಳ ವಿರುದ್ಧದ ಗುಪ್ತ ಹೋರಾಟಕ್ಕೆ ಸೇರಿದರು. ದಾಯಾದಿಗಳು ಅಂದಮೇಲೆ ಇಷ್ಟಾದರೂ ಇರಬೇಕಲ್ವಾ! ಮತ್ತೆ ಒಂದಾಗಿದ್ದು 1951ರಲ್ಲಿ, ಚಂಡೀಗಢದ ಕೆಲಸಕ್ಕೆ. ಜಾನರೆ 1965ರವರೆಗೂ ಅಲ್ಲೇ ಉಳಿದುಬಿಟ್ಟರು.

ಹೊಸ ಊರಿನ ಕಚೇರಿ, ಕಾಲೇಜು, ಹಾಸ್ಟೆಲ್, ಕೋರ್ಟಿಗೆಲ್ಲ ಕುರ್ಚಿ ಮೇಜು ಬೇಕಿತ್ತು. ಇವರು ಆರಿಸಿದ್ದು ತೇಗ ಮತ್ತು ಬೆತ್ತ. ತೇಗಕ್ಕೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ಬೆತ್ತದ ಹೆಣಿಗೆಯಲ್ಲಿ ಗಾಳಿ ಆಡುತ್ತದೆ. ಕಾಲುಗಳು ಬಿಡಿಸಿಟ್ಟ ಕೈವಾರದ ಹಾಗೆ. ಸ್ಥಳೀಯ ಬಡಗಿಗಳೇ ಮಾಡಿದ್ದರಿಂದ ಒಂದು ಕುರ್ಚಿ ಇದ್ದಂತೆ ಇನ್ನೊಂದಿಲ್ಲ. ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳ ಕೈಯೂ ಇದರಲ್ಲಿದೆ. ಈಗ ಬೆಲೆ ಕಟ್ಟುವಾಗ ಮಾತ್ರ ಒಂದೇ ಹೆಸರು.

ಆಮೇಲಿನ ಕಥೆ ಗೊತ್ತಿರಬಹುದು. ಬೆತ್ತ ಹರಿಯಿತು, ಕಾಲು ಸಡಿಲವಾಯಿತು, ಕುರ್ಚಿಗಳು ಮೂಲೆಗೆ, ಮಹಡಿಗೆ ಸೇರಿದವು. ಇಲಾಖೆಗಳು ಗುಜರಿ ಅಂತ ಹರಾಜು ಹಾಕಿದವು. ಯುರೋಪಿನ ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿ, ಅಲ್ಲಿಯ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ರಫ್ತಿಗೆ ತಡೆ ಹಾಕಿತು. ಅಷ್ಟೊತ್ತಿಗೆ ಎಷ್ಟೋ ಕುರ್ಚಿಗಳು ಹಡಗು ಹತ್ತಿಯಾಗಿತ್ತು.

ಎಲ್ಲವನ್ನೂ 'ಲೂಟಿ' ಅನ್ನುವವರ ಜೊತೆ ನಾನಿಲ್ಲ. ಕಳವಾದದ್ದೂ ಇರಬಹುದು, ಆದರೆ ಎಷ್ಟೋ ಕುರ್ಚಿಗಳನ್ನು ನಾವೇ ರಸೀದಿ ಬರೆದು ಕೊಟ್ಟಿದ್ದೇವೆ. ಕೊಂಡವರ ಮೇಲೆ ಸುಮ್ನೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ನನಗೆ ಕಸಿವಿಸಿ ಆಗೋದು ಬೇರೆ ವಿಷಯಕ್ಕೆ. ಗುಮಾಸ್ತರು ಕೂರಲಿ ಅಂತ ಮಾಡಿದ ಕುರ್ಚಿಯಲ್ಲಿ ಈಗ ಯಾರೂ ಕೂರುವುದಿಲ್ಲ. ಶ್ರೀಮಂತರ ಹಾಲ್‌ನಲ್ಲಿ ಅದು ನೋಡುವ ವಸ್ತು.

ಜಾನರೆ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಚಂಡೀಗಢಕ್ಕೆ ತಂದು ಸುಖ್ನಾ ಕೆರೆಯಲ್ಲಿ ಬಿಟ್ಟರು. ಸೆಕ್ಟರ್ 5ರಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ.

ಇನ್ನೊಂದು ವಿಷಯ. ಯಾರೂ ಹೊತ್ತೊಯ್ಯದಿರಲಿ ಅಂತ ಕಚೇರಿಯವರು ಕುರ್ಚಿಯ ಹಿಂದೆ ಇಲಾಖೆಯ ಹೆಸರು, ನಂಬರು ಬರೆಸುತ್ತಿದ್ದರು. ವಿದೇಶದ ಹರಾಜಿನಲ್ಲಿ ಕುರ್ಚಿ ಅಸಲಿ ಅನ್ನೋದಕ್ಕೆ ಈಗ ಅದೇ ಸಾಕ್ಷಿ. ಆ ಬಣ್ಣ ಅಳಿಸದೆ ಇದ್ದರೆ ಬೆಲೆ ಜಾಸ್ತಿ.