ಪೆರೂಜಾದಲ್ಲಿ ಅಗ್ಗದ ರೂಮು: ಸ್ಟಾರ್ ಬಿಡಿ, ಎತ್ತರ ನೋಡಿ

ಇಟಲಿಯ ಗುಡ್ಡದ ಊರುಗಳಿಗೆ ಹೊರಟವರು ಹೋಟೆಲ್ ಹುಡುಕುವಾಗ ಆ್ಯಪ್‌ನಲ್ಲಿ ಮೊದಲು ದರ, ಆಮೇಲೆ ಸ್ಟಾರ್, ಕೊನೆಗೆ ಸ್ಟೇಷನ್ನಿಂದ ಎಷ್ಟು ದೂರ ಅಂತ ನೋಡುತ್ತಾರೆ. ಪೆರೂಜಾದಲ್ಲಿ ಈ ಮೂರು ಲೆಕ್ಕವೂ ಕೈಕೊಡುತ್ತವೆ. ಅಲ್ಲಿ ಕೇಳಬೇಕಾದ್ದು ಬೇರೆ: ರೂಮು ಎಷ್ಟು ಎತ್ತರದಲ್ಲಿದೆ, ಅಲ್ಲಿಗೆ ನಿಮ್ಮನ್ನು ಹತ್ತಿಸುವ ಯಂತ್ರ ಯಾವುದು, ಆ ಯಂತ್ರ ರಾತ್ರಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ.

ಊರಿನ ಆಕಾರ ಮೊದಲು ತಲೆಯಲ್ಲಿ ಕೂರಬೇಕು. ಉಂಬ್ರಿಯಾ ಪ್ರಾಂತ್ಯದ ರಾಜಧಾನಿಯಾದ ಪೆರೂಜಾ ಅಂಗೈ ಚಾಚಿ ಬೆರಳು ಬಿಡಿಸಿದ ಹಾಗಿದೆ. ಅಂಗೈಯ ಸಮತಟ್ಟು ಜಾಗ ಎಂದರೆ ಪಿಯಾತ್ಸಾ ಇಟಾಲಿಯಾದಿಂದ ಪಿಯಾತ್ಸಾ ಕ್ವಾರ್ತೊ ನೊವೆಂಬ್ರೆವರೆಗಿನ ಕೊರ್ಸೊ ವನ್ನೂಚ್ಚಿ ಬೀದಿ (ಪಿಯಾತ್ಸಾ ಎಂದರೆ ಚೌಕ). ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 490 ಮೀಟರ್ ಮೇಲೆ. 1278ರ ಫೊಂತಾನಾ ಮಜ್ಜೊರೆ ಕಾರಂಜಿ, ಕೆಥೆಡ್ರಲ್, ಚಿತ್ರಶಾಲೆ ಇರುವ ಪಲಾತ್ಸೊ ದೇಯ್ ಪ್ರಿಯೋರಿ ಎಲ್ಲವೂ ಈ ಒಂದೇ ಬೀದಿಯ ಆಚೀಚೆ. ಅಲ್ಲಿಂದ ಐದು ಹಳೇ ಬಡಾವಣೆಗಳು ಐದು ದಿಕ್ಕಿಗೆ ಇಳಿಯುತ್ತವೆ. ರೈಲು ನಿಲ್ದಾಣವಿರುವ ಫೊಂತಿವೆಜ್ಜೆ ಕೊರ್ಸೊಗಿಂತ 150 ಮೀಟರಿಗೂ ಹೆಚ್ಚು ಕೆಳಗೆ. ನಕ್ಷೆಯಲ್ಲಿ ನಿಲ್ದಾಣದಿಂದ ಕೇಂದ್ರಕ್ಕೆ ಒಂದೂವರೆ ಕಿಲೋಮೀಟರ್ ಆಸುಪಾಸು ಕಾಣುತ್ತದೆ. ಟ್ರಾಲಿ ಎಳೆದುಕೊಂಡು ಆ ಏರು ಹತ್ತಿ ನೋಡಿದವರಿಗೆ ನಕ್ಷೆಯ ಮೇಲೆ ನಂಬಿಕೆಯೇ ಹೋಗುತ್ತದೆ.

ಎರಡು ಬೆರಳುಗಳ ತುದಿಯಲ್ಲಿರುವ ಎರಡು ಹೋಟೆಲ್ ನಕ್ಷೆಯಲ್ಲಿ ಪಕ್ಕಪಕ್ಕ ಕಾಣಬಹುದು. ನಡುವೆ ಕಣಿವೆ ಇರುತ್ತದೆ! ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅಂಗೈಗೆ ಹತ್ತಿ ಮತ್ತೆ ಇಳಿಯಬೇಕು. ಆದ್ದರಿಂದ ಬುಕ್ ಮಾಡುವ ಮೊದಲು ಮ್ಯಾಪ್‌ನಲ್ಲಿ ಹೋಟೆಲ್‌ನಿಂದ ಪಿಯಾತ್ಸಾ ಇಟಾಲಿಯಾಕ್ಕೆ ನಡಿಗೆಯ ದಾರಿ ಹಾಕಿ, ಏರು ಎಷ್ಟು ಮೀಟರ್ ಅಂತ ನೋಡಿ. ಇಪ್ಪತ್ತರ ಒಳಗಿದ್ದರೆ ಆರಾಮ. ಅರವತ್ತು ದಾಟಿದರೆ ದಿನಕ್ಕೆರಡು ಸಲ ಹತ್ತುವ ಬಲ ಕಾಲಿಗಿದೆಯೇ ಎಂದು ಯೋಚಿಸಿ.

ಇನ್ನು ಯಂತ್ರಗಳು. ಪೆರೂಜಾದಷ್ಟು ಚೆನ್ನಾಗಿ ಏರನ್ನು ಪಳಗಿಸಿದ ಊರು ಇಟಲಿಯಲ್ಲೇ ಕಡಿಮೆ. 2008ರಲ್ಲಿ ಶುರುವಾದ ಮಿನಿಮೆತ್ರೊ ಎಂಬ ಚಾಲಕರಿಲ್ಲದ ಪುಟ್ಟ ಬಂಡಿಗಳನ್ನು ಉಕ್ಕಿನ ಹಗ್ಗ ಎಳೆಯುತ್ತದೆ. ಏಳು ನಿಲ್ದಾಣ, ಸುಮಾರು ಮೂರು ಕಿಲೋಮೀಟರ್. ಫೊಂತಿವೆಜ್ಜೆಯಲ್ಲಿ ಹತ್ತಿದರೆ ಕಾಸೆ ಬ್ರುಚಾತೆ, ಕೂಪಾ, ಕೊನೆಗೆ ಪಿಂಚೆತ್ತೊ. ಹಗಲಲ್ಲಿ ಬಂಡಿ ಬೆನ್ನಿಗೆ ಬಂಡಿ ಬರುತ್ತಲೇ ಇರುತ್ತದೆ, ಕಾಯುವ ಮಾತೇ ಇಲ್ಲ. ಪಿಂಚೆತ್ತೊದಿಂದ ಎಸ್ಕಲೇಟರ್ ಹಿಡಿದರೆ ಪಿಯಾತ್ಸಾ ಮತ್ತೆಯೊತ್ತಿ ಪಕ್ಕ ಬರುತ್ತೀರಿ. ವಿಯಾ ದೇಯ್ ಪ್ರಿಯೋರಿ ಬೀದಿಯ ಕಡೆ ರೂಮಿದ್ದರೆ ಒಂದು ನಿಲ್ದಾಣ ಮೊದಲೇ, ಕೂಪಾದಲ್ಲಿ ಇಳಿಯುವುದು ಜಾಣತನ. ಅಲ್ಲಿಂದಲೂ ಎಸ್ಕಲೇಟರ್ ಇದೆ. ಟಿಕೆಟ್ ಒಂದೂವರೆ ಯೂರೋ ಆಸುಪಾಸು, ಅದರಲ್ಲೇ 70 ನಿಮಿಷ ಬಸ್ಸಿಗೂ ಹತ್ತಬಹುದು.

ಬಸ್ಸಿನಲ್ಲಿ ಬರುವವರು ಪಿಯಾತ್ಸಾ ಪಾರ್ತಿಜಾನಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಎಸ್ಕಲೇಟರ್‌ಗಳು ರೊಕ್ಕಾ ಪಾವೊಲೀನಾ ಕೋಟೆಯ ಹೊಟ್ಟೆಯೊಳಗೇ ಹಾದು ಪಿಯಾತ್ಸಾ ಇಟಾಲಿಯಾಕ್ಕೆ ತಲುಪಿಸುತ್ತವೆ. 1540ರಲ್ಲಿ ಉಪ್ಪಿನ ತೆರಿಗೆಯ ವಿರುದ್ಧ ದಂಗೆಯೆದ್ದ ಪೆರೂಜಾವನ್ನು ಮಣಿಸಿದ ಮೂರನೇ ಪೌಲ್ ಪೋಪ್, ಅಲ್ಲಿನ ಬಲ್ಯೋನಿ ಮನೆತನದ ಕೇರಿಯನ್ನೇ ಹೂತು ಅದರ ಮೇಲೆ ಈ ಕೋಟೆ ಕಟ್ಟಿಸಿದ. ಹೂತುಹೋದ ಓಣಿ, ಮನೆಯ ಗೋಡೆ, ಗೋಪುರದ ಬುಡ ಈಗ ನಿಮ್ಮ ಸೂಟ್‌ಕೇಸಿನ ದಾರಿ. ಇದಕ್ಕೆ ಪ್ರವೇಶ ಶುಲ್ಕವಿಲ್ಲ. ಲಗೇಜು ಕೈಯಲ್ಲಿದ್ದರೂ ಸರಿ, ಎರಡು ನಿಮಿಷ ನಿಂತು ನೋಡಿ.

ಎಡವಟ್ಟಾಗುವುದು ರಾತ್ರಿ. ಮಿನಿಮೆತ್ರೊ ರಾತ್ರಿ ಒಂಬತ್ತರ ಸುಮಾರಿಗೆ ನಿಲ್ಲುತ್ತದೆ. ರೋಮ್‌ನಿಂದ ಸಂಜೆ ಆರೂವರೆಗೆ ಹೊರಟು ಫೊಲಿನ್ಯೊದಲ್ಲಿ ರೈಲು ಬದಲಿಸಿ ಬರುವವರಿಗೆ ಅದು ಸಿಗುವುದಿಲ್ಲ. ಟ್ಯಾಕ್ಸಿಗಳು ಬೀದಿಯಲ್ಲಿ ಸುತ್ತುವುದಿಲ್ಲ. ಸ್ಟ್ಯಾಂಡಿನಲ್ಲಿ ಇರಬೇಕು ಇಲ್ಲವೇ ಫೋನ್ ಮಾಡಿ ಕರೆಸಬೇಕು. ಅಗ್ಗದ ಹೋಟೆಲ್‌ನ ರಿಸೆಪ್ಷನ್ ಕೂಡ ಅಷ್ಟೊತ್ತಿಗೆ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನವೇ ತಲುಪುವ ರೈಲು ಹಿಡಿಯಿರಿ. ಇಳಿಯುವಾಗಲೂ ಎಚ್ಚರ: ಫೊಲಿನ್ಯೊ ಕಡೆಯಿಂದ ಬರುವಾಗ ಮೊದಲು ಪೆರೂಜಾ ಪೊಂತೆ ಸಾನ್ ಜೊವಾನ್ನಿ ಬರುತ್ತದೆ. ಬೋರ್ಡಿನಲ್ಲಿ ಪೆರೂಜಾ ಅಂತ ಓದಿದ ಕೂಡಲೇ ಇಳಿದುಬಿಟ್ಟರೆ ಊರಾಚೆ ನಿಂತಿರುತ್ತೀರಿ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ನಿಲ್ದಾಣದ ಹತ್ತಿರದ ತ್ರೀ ಸ್ಟಾರ್‌ಗಿಂತ ಗುಡ್ಡದ ಮೇಲಿನ ಕಾಮನ್ ಬಾತ್‌ರೂಮಿನ ಒನ್ ಸ್ಟಾರ್ ಎಷ್ಟೋ ಮೇಲು. ಕೆಳಗೆ ರೂಮು ದೊಡ್ಡದು, ಲಿಫ್ಟ್ ಇದೆ, ತಿಂಡಿ ಚೆನ್ನಾಗಿದೆ, ಎಲ್ಲ ನಿಜ. ಆದರೆ ಪೆರೂಜಾದ ರುಚಿ ಇರುವುದು ಸಂಜೆ ಏಳರಿಂದ ಹನ್ನೊಂದರವರೆಗೆ ಕೊರ್ಸೊದಲ್ಲಿ ಅಡ್ಡಾಡುವುದರಲ್ಲಿ, ಕೆಥೆಡ್ರಲ್ ಮೆಟ್ಟಿಲ ಮೇಲೆ ಕೂರುವುದರಲ್ಲಿ. ಕೊನೆಯ ಬಂಡಿ ಹೊರಡುತ್ತದೆಂದು ಎಂಟೂವರೆಗೆ ಎದ್ದು ಓಡುವುದಾದರೆ ಆ ಊರಲ್ಲಿ ಉಳಿದು ಏನು ಬಂತು? ಕಾರಿನಲ್ಲಿ ಬರುವವರು, ಮಂಡಿ ನೋವಿನವರು, ನಸುಕಿನ ರೈಲು ಹಿಡಿಯಬೇಕಾದವರು ಮಾತ್ರ ಕೆಳಗೇ ಉಳಿಯಲಿ.

ಇನ್ನು ಕಟ್ಟಡ. ಮೇಲಿನ ಅಗ್ಗದ ಹೋಟೆಲ್ ಎಂದರೆ ಇಡೀ ಕಟ್ಟಡವಲ್ಲ, ಹಳೇ ಪಲಾತ್ಸೊ, ಅಂದರೆ ದೊಡ್ಡ ಬಂಗಲೆಯ ಒಂದು ಮಹಡಿ. ಬೀದಿಯಲ್ಲಿ ಕರೆಗಂಟೆಗಳ ಹಿತ್ತಾಳೆ ಫಲಕದಲ್ಲಿ ವಕೀಲರು, ದಂತವೈದ್ಯರ ಹೆಸರಿನ ನಡುವೆ ಹೋಟೆಲಿನ ಹೆಸರೂ ಇರುತ್ತದೆ. ನೆಲಮಹಡಿ ಬಿಟ್ಟು ಎಣಿಸುವುದು ನಮ್ಮ ಹಾಗೆಯೇ. ಆದರೆ ಹಳೇ ಮನೆಗಳ ಛಾವಣಿ ಎತ್ತರ, ನಡುವೆ ಅರ್ಧ ಮಹಡಿ ಬೇರೆ ತೂರಿಕೊಂಡಿರುತ್ತದೆ. ಮೂರನೇ ಮಹಡಿ ಅಂದರೆ ನಮ್ಮ ಐದಕ್ಕೆ ಸಮ. "ಲಿಫ್ಟ್ ಇದೆ" ಎಂದು ಬರೆದಿದ್ದರೂ ಅದು ಬೀದಿಯ ಮಟ್ಟದಿಂದಲೇ ಶುರುವಾಗುತ್ತದೆಯೇ, ಇಲ್ಲ ಹತ್ತು ಹನ್ನೆರಡು ಮೆಟ್ಟಿಲು ಹತ್ತಿದ ಮೇಲೆಯೇ ಎಂದು ಮೇಲ್ ಮಾಡಿ ಕೇಳಿ. ಮೆಟ್ಟಿಲ ಸುರುಳಿಯ ನಡುವೆ ತೂರಿಸಿದ ಲಿಫ್ಟಿನಲ್ಲಿ ಇಬ್ಬರು ನಿಂತರೆ ದೊಡ್ಡ ಸೂಟ್‌ಕೇಸಿಗೆ ಜಾಗವಿರುವುದಿಲ್ಲ.

ಬುಕಿಂಗಿನಲ್ಲಿ ಎಲ್ಲರೂ ಮೋಸಹೋಗುವುದು ಮಂಚದ ವಿಷಯದಲ್ಲಿ. ಮಾತ್ರಿಮೊನಿಯಾಲೆ ಎಂದಿದ್ದರೆ ಸುಮಾರು 160 ಸೆಂಟಿಮೀಟರ್ ಅಗಲದ ಜೋಡಿ ಮಂಚ, ಹಲವು ಕಡೆ ಎರಡು ಸಿಂಗಲ್ ಮಂಚ ಕೂಡಿಸಿದ್ದು. ಅಲಾ ಫ್ರಾಂಚೇಸೆ ಎಂದಿದ್ದರೆ 140 ಮಾತ್ರ. ಊನಾ ಪಿಯಾತ್ಸಾ ಎ ಮೆದ್ಜಾ ಎಂದಿದ್ದರೆ 120, ಇಬ್ಬರಿಗೆ ಸಾಲದು, ಆದರೂ ಕೆಲವರು ಇಬ್ಬರ ರೂಮೆಂದೇ ಮಾರುತ್ತಾರೆ. ಗೆಳೆಯರಿಬ್ಬರು ಹೋಗುವುದಾದರೆ ಲೆತ್ತಿ ಸೆಪಾರಾತಿ, ಅಂದರೆ ಬೇರೆ ಬೇರೆ ಮಂಚ ಎಂದು ಬರೆದು ಖಾತ್ರಿ ಮಾಡಿಕೊಳ್ಳಿ. ಬಚ್ಚಲಿನದೂ ಇದೇ ಕಥೆ. ಬಾನ್ಯೊ ಇನ್ ಕೊಮೂನೆ ಎಂದರೆ ಎಲ್ಲರಿಗೂ ಒಂದೇ. ಬಾನ್ಯೊ ಪ್ರಿವಾತೊ ಎಸ್ತೆರ್ನೊ ಎಂದರೆ ನಿಮ್ಮೊಬ್ಬರದೇ, ಆದರೆ ರೂಮಿನ ಹೊರಗೆ, ಬೀಗ ತೆಗೆದು ಹೋಗಬೇಕು. ಈ ಎರಡನೆಯದನ್ನು ಕಂಡು ಹಿಂಜರಿಯಬೇಡಿ. ರೂಮಿನ ಮೂಲೆಯಲ್ಲಿ ಆಮೇಲೆ ತುರುಕಿದ, ಕಿಟಕಿಯಿಲ್ಲದ ಬಚ್ಚಲಿಗಿಂತ ಇದು ಸಾಮಾನ್ಯವಾಗಿ ದೊಡ್ಡದು, ವಾಸನೆಯೂ ಕಡಿಮೆ.

ಅಫಿತ್ತಾಕಾಮೆರೆ ಎಂಬ ಬಾಡಿಗೆ ಕೋಣೆಗಳಲ್ಲಿ ರಿಸೆಪ್ಷನ್ನೇ ಇರುವುದಿಲ್ಲ, ಹೊತ್ತು ಹೇಳಿ ಹೋಗಬೇಕು. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಕಾಸಾ ಪೆರ್ ಫೆರಿಯೆ ಎಂಬ ಅತಿಥಿಗೃಹ ಚೊಕ್ಕಟ, ನಿಶ್ಶಬ್ದ, ದರವೂ ಹಿತ. ಆದರೆ ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕುವ ರೂಢಿ ಹಲವು ಕಡೆ ಇದೆ. ಯಾವುದೇ ಇರಲಿ, ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಚಿನ್ (CIN) ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಇರಲೇಬೇಕು. 2025ರ ಜನವರಿಯಿಂದ ಇದು ಇಲ್ಲದಿದ್ದರೆ ಮಾಲೀಕರಿಗೆ ದಂಡ. ಸಂಖ್ಯೆ ಕಾಣದ ಕಡೆ ಮುಂಗಡ ಕಳಿಸಬೇಡಿ.

ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗುವವರಿದ್ದಾರೆ. ಉಳಿದುಕೊಂಡವರ ವಿವರವನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಕಳಿಸುವುದು ಇಟಲಿಯಲ್ಲಿ ಕಾನೂನು. ವಿವರ ಬರೆದುಕೊಂಡು ವಾಪಸ್ ಕೊಡುತ್ತಾರೆ. ಭಾರತೀಯರಿಗೆ ಇದರಿಂದ ಇನ್ನೊಂದು ಉಪಯೋಗವೂ ಇದೆ. ಬೇರೆ ಷೆಂಗೆನ್ ದೇಶದ ಮೂಲಕ ಇಟಲಿಗೆ ಬಂದವರು ಎಂಟು ದಿನದೊಳಗೆ ತಮ್ಮ ಹಾಜರಿಯನ್ನು ಪೊಲೀಸರಿಗೆ ತಿಳಿಸಬೇಕು. ಹೋಟೆಲ್ ಮಾಡಿದ ಈ ನೋಂದಣಿಯೇ ಆ ಕೆಲಸಕ್ಕೆ ಸಾಕು. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಪರಿಚಯದವರ ಮನೆಯಲ್ಲಿ ಉಳಿದರೆ ಈ ಅನುಕೂಲವಿಲ್ಲ. ತಲೆಗೆ, ರಾತ್ರಿಗೆ ಇಷ್ಟು ಎಂಬ ಪ್ರವಾಸಿ ತೆರಿಗೆ ಆನ್‌ಲೈನ್ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಸಣ್ಣ ಹೋಟೆಲ್‌ಗಳಲ್ಲಿ ನಗದಾಗಿಯೇ ಕೇಳುತ್ತಾರೆ. ಚಿಲ್ಲರೆ ಇಟ್ಟುಕೊಂಡು ರಸೀದಿ ಪಡೆಯಿರಿ.

ರೂಮಿನೊಳಗೆ ಬಂದ ಮೇಲೆ ಮೊದಲ ಅಪಾಯ ಬಚ್ಚಲಲ್ಲಿ ನೇತಾಡುವ ದಾರ. ಷವರ್ ಪಕ್ಕದ ಆ ದಾರ ಫ್ಯಾನಿನದೂ ಅಲ್ಲ, ಲೈಟಿನದೂ ಅಲ್ಲ. ಜಾರಿ ಬಿದ್ದವರು ಎಳೆಯಲೆಂದು ಇಟ್ಟ ತುರ್ತು ಗಂಟೆ. ಬಟ್ಟೆ ಒಣಹಾಕುವ ಹಗ್ಗವಂತೂ ಅಲ್ಲವೇ ಅಲ್ಲ. ನೀರಿನ ಜೆಟ್ ಇಲ್ಲ ಎಂಬ ಚಿಂತೆ ಬೇಡ, ಇಟಲಿಯಲ್ಲಿ ಬಿಡೆ, ಅಂದರೆ ಕೂತು ತೊಳೆದುಕೊಳ್ಳುವ ನಲ್ಲಿಯ ತೊಟ್ಟಿ, ಇರುತ್ತದೆ. ಮನೆ ಎಂದರೆ ಅದಿರಲೇಬೇಕು ಎಂದು 1975ರಲ್ಲೇ ಸರ್ಕಾರಿ ಆದೇಶವಾದ ದೇಶ ಅದು. ಈ ಒಂದು ವಿಷಯದಲ್ಲಿ ನಮಗೂ ಅವರಿಗೂ ಯೂರೋಪಿನ ಉಳಿದವರಿಗಿಂತ ಹೆಚ್ಚು ಹೊಂದಾಣಿಕೆ.

ಬಿಸಿನೀರಿನ ಲೆಕ್ಕ ಗೊತ್ತಿರಲಿ. ಸಣ್ಣ ಬಾಡಿಗೆ ಕೋಣೆಗಳಲ್ಲಿ 50ರಿಂದ 80 ಲೀಟರಿನ ಕರೆಂಟ್ ಗೀಸರ್ ಇರುತ್ತದೆ. ಇಬ್ಬರು ನಿಧಾನವಾಗಿ ಮಿಂದರೆ ಮೂರನೆಯವರಿಗೆ ತಣ್ಣೀರು. ಮತ್ತೆ ಕಾಯಲು ಎರಡು ಗಂಟೆ ಹಿಡಿದರೂ ಹಿಡಿಯಿತು. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದವರಿಗೆ ಇನ್ನೊಂದು ತೊಡಕಿದೆ. ಇಟಲಿಯ ಮನೆಗಳ ಸಾಮಾನ್ಯ ವಿದ್ಯುತ್ ಸಂಪರ್ಕ 3 ಕಿಲೋವ್ಯಾಟ್. ಗೀಸರ್, ಓವನ್, ಹೇರ್ ಡ್ರೈಯರ್ ಒಟ್ಟಿಗೆ ಹಾಕಿದರೆ ಕತ್ತಲು. ಮೀಟರ್ ಕೆಳಗಿನ ಮೊಗಸಾಲೆಯಲ್ಲಿರುವುದೂ ಉಂಟು, ಸ್ವಿಚ್ ಎತ್ತಲು ನಾಲ್ಕು ಮಹಡಿ ಇಳಿಯಬೇಕಾಗುತ್ತದೆ. ಹೋಟೆಲ್ ರೂಮಿಗೆ ರೈಸ್ ಕುಕ್ಕರ್ ಒಯ್ಯುವುದಂತೂ ಬೇಡ, ಅಡುಗೆಗೆ ನಿಷೇಧ.

ವೋಲ್ಟೇಜ್ ನಮ್ಮದೇ, 230. ಮೊಬೈಲಿನ ಎರಡು ಕಡ್ಡಿಯ ಚಾರ್ಜರ್ ಹೆಚ್ಚಿನ ಕಡೆ ಹೋಗುತ್ತದೆ. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ ಎಲ್ಲೂ ಹೋಗುವುದಿಲ್ಲ. ಇಟಲಿಯ ಸಾಕೆಟ್ಟಿನಲ್ಲಿ ಮೂರು ತೂತು ಒಂದೇ ಸಾಲಿನಲ್ಲಿ, ಅದರಲ್ಲೂ 10 ಆಂಪಿಯರಿಗೆ ಸಣ್ಣ ತೂತು, 16ಕ್ಕೆ ದಪ್ಪ ತೂತು. ಗುಂಡಗೆ ಒಳಗೆ ತಗ್ಗಾಗಿರುವ ಜರ್ಮನ್ ಸಾಕೆಟ್ ಇದ್ದರೆ ಚೌಕದ ದಪ್ಪ ಯೂನಿವರ್ಸಲ್ ಅಡಾಪ್ಟರ್ ಅದರೊಳಗೆ ಕೂರುವುದಿಲ್ಲ. ಸಣ್ಣದೊಂದು ತೆಳು ಅಡಾಪ್ಟರ್, ಜೊತೆಗೆ ನಮ್ಮೂರಿನದೇ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದರೆ ಎಲ್ಲ ಚಾರ್ಜರಿಗೂ ಒಂದೇ ತೂತು ಸಾಕು.

ಚಳಿಗಾಲದ ಹೀಟರ್ ಹೋಟೆಲಿನವರ ಮರ್ಜಿಯಲ್ಲ. ಪೆರೂಜಾ ಸೇರಿರುವ ಹವಾಮಾನ ವಲಯದಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ಅದೂ ದಿನಕ್ಕೆ 14 ಗಂಟೆ ಮೀರದಂತೆ ಹಾಕಲು ಕಾನೂನಿನ ಅನುಮತಿ. ಏಪ್ರಿಲ್ ಕೊನೆಯಲ್ಲಿ ಬಂದು ಗೋಡೆಯ ರೇಡಿಯೇಟರ್ ಮುಟ್ಟಿ ತಣ್ಣಗಿದೆ ಎಂದು ಜಗಳವಾಡಬೇಡಿ, ಇನ್ನೊಂದು ಕಂಬಳಿ ಕೇಳಿ. ಕಲ್ಲಿನ ಗೋಡೆ ಹೊರಗಿನ ಬಿಸಿಲಿಗಿಂತ ವಾರಗಟ್ಟಲೆ ಹಿಂದೆ ಇರುತ್ತದೆ. ಬೇಸಿಗೆಯಲ್ಲಿ ಇದೇ ಗೋಡೆ ಕಾಪಾಡುತ್ತದೆ, ಹೊರಗಿನ ಮರದ ಕದಗಳನ್ನು ಬೆಳಗ್ಗೆಯೇ ಮುಚ್ಚಿದರೆ ಮಾತ್ರ. ಬಿಸಿಲಲ್ಲಿ ಕಿಟಕಿ ತೆರೆದಿಟ್ಟು ಏಸಿ ಇಲ್ಲ ಎಂದು ರಿವ್ಯೂ ಬರೆಯುವವರನ್ನು ನಂಬಬೇಡಿ. ಸೂರಿನಡಿಯ ಕೊನೇ ಮಹಡಿಗೆ ಮಾತ್ರ ಈ ಮಾತು ಹೊಂದುವುದಿಲ್ಲ, ಜುಲೈಯಲ್ಲಿ ಏಸಿ ಇಲ್ಲದೆ ಅಲ್ಲಿ ಮಲಗಲಾಗದು.

ಗಲಾಟೆ ವಿಚಾರ. 1308ರಿಂದ ವಿಶ್ವವಿದ್ಯಾಲಯವಿರುವ ಊರು, ವಿದೇಶಿಯರಿಗೆ ಇಟಾಲಿಯನ್ ಕಲಿಸುವ ಇನ್ನೊಂದು ವಿಶ್ವವಿದ್ಯಾಲಯವೂ ಇದೆ. ತರಗತಿ ನಡೆಯುವ ತಿಂಗಳುಗಳಲ್ಲಿ ಚೌಕದ ಸುತ್ತಲಿನ ಓಣಿಗಳಲ್ಲಿ ನಡುರಾತ್ರಿವರೆಗೂ ಮಾತು, ನಗು. ಕಲ್ಲಿನ ಸಂದಿ ಸದ್ದನ್ನು ನುಂಗುವುದಿಲ್ಲ, ಮೇಲಕ್ಕೆ ತಳ್ಳುತ್ತದೆ. ಒಳಅಂಗಳದ ಕಡೆಯ ರೂಮು ಕೇಳಿ, ಕಣಿವೆಯ ನೋಟ ಹೋದರೆ ಹೋಗಲಿ. ಜುಲೈಯಲ್ಲಿ ಉಂಬ್ರಿಯಾ ಜ್ಯಾಝ್ ಉತ್ಸವದ ದಿನಗಳಲ್ಲಂತೂ ಅಗ್ಗದ ರೂಮೆಂಬುದೇ ಇರುವುದಿಲ್ಲ. ಸಂಗೀತ ಬೇಕಿದ್ದರೆ ತಿಂಗಳುಗಳ ಮೊದಲೇ ಹಿಡಿಯಿರಿ, ಬೇಡವಾದರೆ ಆ ವಾರಗಳನ್ನೇ ತಪ್ಪಿಸಿ.

ತಿಂಡಿ ಸೇರಿದೆ ಎಂದರೆ ಕಾಫಿ, ಕೊರ್ನೆತ್ತೊ ಎಂಬ ಕ್ರೊಸಾಂ ಥರದ ಬನ್ನು, ರಸ್ಕು, ಜಾಮು. ಕೊರ್ನೆತ್ತೊಗೆ ಮೊಟ್ಟೆ ಹಾಕಿರುತ್ತಾರೆ, ಪೂರ್ತಿ ಸಸ್ಯಾಹಾರಿಗಳಿಗೆ ರಸ್ಕೇ ಗತಿ. ತಿಂಡಿಗೆ ಬೇರೆ ದುಡ್ಡು ಕೇಳಿದರೆ ಬೇಡವೆನ್ನಿ. ಬಾರಿನ ಕಟ್ಟೆಯ ಬಳಿ ನಿಂತು ಕುಡಿದರೆ ಅದೇ ಕಾಫಿ ಕಡಿಮೆಗೆ ಸಿಗುತ್ತದೆ. ಬ್ರೆಡ್ಡಿನಲ್ಲಿ ಉಪ್ಪಿಲ್ಲ ಎಂದು ವಾಪಸ್ ಮಾಡಬೇಡಿ, ಅಲ್ಲಿ ಬ್ರೆಡ್ಡು ಮಾಡುವುದೇ ಹಾಗೆ. ಪೋಪನ ಉಪ್ಪಿನ ತೆರಿಗೆಯ ಸಿಟ್ಟಿಗೆ ಶುರುವಾದದ್ದು ಎಂದು ಊರವರು ಹೇಳುವುದುಂಟು. ಹೊಟ್ಟೆ ತುಂಬಲು ದಪ್ಪ ಕಾವಲಿಯ ಮೇಲೆ ಸುಟ್ಟ ತೊರ್ತಾ ಅಲ್ ತೆಸ್ತೊ ಎಂಬ ರೊಟ್ಟಿ ಒಳ್ಳೆಯದು, ಸೊಪ್ಪು ಮತ್ತು ಚೀಸ್ ಮಾತ್ರ ಹಾಕಿ ಎಂದು ಹೇಳಬೇಕು.

ಬಾಡಿಗೆ ಕಾರಿನವರಿಗೆ ಒಂದೇ ಮಾತು. ಕೇಂದ್ರವೆಲ್ಲ ಸೀಮಿತ ಸಂಚಾರ ವಲಯ, ಕ್ಯಾಮೆರಾ ಕಾವಲು. ಬೋರ್ಡಿನಲ್ಲಿ ವಾರ್ಕೊ ಅತ್ತಿವೊ ಎಂದು ಬೆಳಗುತ್ತಿದ್ದರೆ ದಾರಿ ತೆರೆದಿದೆ ಎಂದಲ್ಲ, ಕ್ಯಾಮೆರಾ ಕೆಲಸ ಮಾಡುತ್ತಿದೆ ಎಂದು. ಕಾರಿನ ನಂಬರನ್ನು ಹೋಟೆಲಿನವರು ಮೊದಲೇ ನೋಂದಾಯಿಸಿದರೆ ಲಗೇಜು ಇಳಿಸಲು ಒಳಗೆ ಹೋಗಬಹುದು. ಇಲ್ಲದಿದ್ದರೆ ದಂಡದ ಕಾಗದ ಬೆಂಗಳೂರಿನ ವಿಳಾಸಕ್ಕೇ ಬರುತ್ತದೆ. ವಿದೇಶದವರಿಗೆ ಅದನ್ನು ಕಳಿಸಲು ಅವರಿಗೆ 360 ದಿನಗಳ ಅವಕಾಶವಿದೆ, ನಡುವೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನೂ ಕಾರ್ಡಿನಿಂದ ಕಿತ್ತುಕೊಂಡಿರುತ್ತದೆ. ಕಾರನ್ನು ಮಿನಿಮೆತ್ರೊದ ಕೆಳತುದಿ ಪಿಯಾನ್ ದಿ ಮಸ್ಸಿಯಾನೊದ ಉಚಿತ ಪಾರ್ಕಿಂಗಿನಲ್ಲಿ ಬಿಟ್ಟು ಬಂಡಿ ಹತ್ತಿ. ಶನಿವಾರ ಬೆಳಗ್ಗೆ ಅಲ್ಲಿ ಸಂತೆ, ಹಿಂದಿನ ರಾತ್ರಿ ಬಿಡುವವರು ಯಾವ ಕಡೆ ನಿಲ್ಲಿಸಬಾರದು ಎಂಬ ಬೋರ್ಡು ಓದಿಕೊಳ್ಳಿ.

ಹೊರಡುವ ಬೆಳಗ್ಗೆಯ ಲೆಕ್ಕವನ್ನು ಹಿಂದಿನ ಸಂಜೆಯೇ ಮುಗಿಸಿ. ಬಂಡಿ ಶುರುವಾಗುವುದು ಏಳಕ್ಕೆ, ಭಾನುವಾರ ಇನ್ನೂ ತಡ. ಆರರ ರೈಲಿದ್ದರೆ ರಾತ್ರಿಯೇ ಹೋಟೆಲಿನವರಿಂದ ಟ್ಯಾಕ್ಸಿ ಹೇಳಿಸಿ, ತೆರಿಗೆ ಕಟ್ಟಿ, ಬೀದಿ ಬಾಗಿಲನ್ನು ಒಳಗಿನಿಂದ ತೆರೆಯುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಳ್ಳಿ. ಕತ್ತಲ ಮೊಗಸಾಲೆಯಲ್ಲಿ ಅದು ಬಾಗಿಲ ಪಕ್ಕವಲ್ಲ, ಎರಡು ಹೆಜ್ಜೆ ಹಿಂದಿನ ಗೋಡೆಯಲ್ಲಿರುತ್ತದೆ.